ಕಾದಂಬರಿ ಅರ್ಧಕ್ಕೇ ನಿಲ್ಲದಂತೆ ಓದುವುದು ಹೇಗೆ: ಕಾಸರಗೋಡಿನ ಓದುಗರಿಗೆ ಸಮಗ್ರ ಮಾರ್ಗದರ್ಶಿ

ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಯಾವುದೇ ಲೈಬ್ರರಿಯಲ್ಲಿ ಹಿಂದಕ್ಕೆ ಬಂದ ಕನ್ನಡ ಕಾದಂಬರಿಗಳನ್ನು ಬಿಡಿಸಿ ನೋಡಿ. ಬಸ್ ಟಿಕೆಟು, ಮದ್ದಿನ ಚೀಟಿ, ಅಂಗಡಿ ಬಿಲ್ಲು, ಏನಾದರೊಂದು ಒಳಗೆ ಸಿಕ್ಕಿಸಿರುತ್ತದೆ. ಹೆಚ್ಚಿನ ಸಲ ಅದು ಮೊದಲ ಐವತ್ತು ಪುಟದೊಳಗೇ ಇರುತ್ತದೆ. ಅಂದರೆ ಪುಸ್ತಕ ಮನೆಗೆ ಹೋಗಿದೆ, ಓದು ಶುರುವಾಗಿದೆ, ಅಲ್ಲಿಗೇ ನಿಂತಿದೆ. ಕೇಳಿದರೆ ಎಲ್ಲರದೂ ಒಂದೇ ಮಾತು: "ಓದಬೇಕು ಅಂತ ಭಾರೀ ಆಸೆ ಉಂಟು, ಆದರೆ ಮುಂದೆ ಹೋಗುವುದೇ ಇಲ್ಲ."

ಇದು ಸೋಮಾರಿತನ ಅಲ್ಲ. ಬುದ್ಧಿಯ ಕೊರತೆಯಂತೂ ಖಂಡಿತ ಅಲ್ಲ. ಹೆಜ್ಜೆಗಳು ಹಿಂದುಮುಂದಾಗಿರುತ್ತವೆ, ಅಷ್ಟೇ. ಮೊದಲು ದೊಡ್ಡ ಹೆಸರಿನ ಪುಸ್ತಕ ತರುತ್ತೇವೆ, ಆಮೇಲೆ ಸಮಯ ಹುಡುಕುತ್ತೇವೆ, ಕೊನೆಗೆ ಅದು ನಮಗೆ ಹಿಡಿಸುತ್ತದಾ ಅಂತ ಯೋಚಿಸುತ್ತೇವೆ. ಇದನ್ನು ತಿರುಗಿಸಿದರೆ ಅರ್ಧ ತೊಂದರೆ ಹೋಗುತ್ತದೆ.

ಇನ್ನೊಂದು ಕಾರಣ ನಮ್ಮ ಶಾಲೆಗಳದ್ದು. ಕೇರಳದಲ್ಲಿ ಆಚರಿಸುವ ಜೂನ್ 19ರ ವಾಚನ ದಿನ ಬಂದರೆ ಮಕ್ಕಳು ಪುಸ್ತಕ ಓದಿ ಟಿಪ್ಪಣಿ ಬರೆಯಬೇಕು. ಲೇಖಕರ ಹೆಸರು, ಮುಖ್ಯ ಪಾತ್ರಗಳು, ಸಾರಾಂಶ, ಸಿಕ್ಕಿದ ನೀತಿ. ಒಳ್ಳೆಯ ಉದ್ದೇಶದಿಂದಲೇ ಮಾಡಿಸುತ್ತಾರೆ. ಆದರೆ ದೊಡ್ಡವರಾದ ಮೇಲೂ ನಾವು ಕಾದಂಬರಿಯನ್ನು ಆ ಟಿಪ್ಪಣಿಗಾಗಿಯೇ ಓದುತ್ತೇವೆ. ಯಾರೂ ಪ್ರಶ್ನೆ ಕೇಳುವುದಿಲ್ಲ, ಆದರೂ ಉತ್ತರ ತಯಾರು ಮಾಡುತ್ತಾ ಹೋಗುತ್ತೇವೆ. ಸಂತೋಷಕ್ಕಾಗಿ ಓದುವುದು ಇದಕ್ಕಿಂತ ಬೇರೆ ಕೆಲಸ.

ಬೇಕಾದ ಸಾಮಾನು

ಒಂದು ಪೆನ್ಸಿಲ್, ಅಂಗೈ ಅಗಲದ ಒಂದು ದಪ್ಪ ಕಾಗದ, ಹೆಗಲ ಹಿಂದಿನಿಂದ ಬೀಳುವ ಬೆಳಕು. ಕಾಗದ ಪುಟದ ಗುರುತಿಗೂ ಆಯಿತು, ಪಾತ್ರಗಳ ಹೆಸರು ಬರೆಯಲಿಕ್ಕೂ ಆಯಿತು.

ನಲವತ್ತು ದಾಟಿದವರು ಮೊದಲು ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ. ಈ ವಯಸ್ಸಿನಲ್ಲಿ ಹತ್ತಿರದ ಅಕ್ಷರ ಮಸುಕಾಗುವುದು ಸಾಮಾನ್ಯ. ಹಳೆಯ ಮುದ್ರಣದ ಕನ್ನಡ ಪುಸ್ತಕಗಳಲ್ಲಿ ಒತ್ತಕ್ಷರ ಬಹಳ ಸಣ್ಣದು. ಪುಸ್ತಕವನ್ನು ಕೈ ಚಾಚಿ ಹಿಡಿಯುತ್ತಿದ್ದೀರಾ? ಹತ್ತು ಪುಟಕ್ಕೆ ಹಣೆ ನೋಯುತ್ತದಾ? ಹಾಗಿದ್ದರೆ ಕಾದಂಬರಿ ಬೋರು ಅಲ್ಲ, ನಿಮಗೆ ಕನ್ನಡಕ ಬೇಕು. "ಈಗೀಗ ಓದು ಹಿಡಿಸುವುದೇ ಇಲ್ಲ" ಅನ್ನುವ ಎಷ್ಟೋ ಜನರ ತೊಂದರೆ ಇಷ್ಟೇ ಆಗಿರುತ್ತದೆ.

ಫೋನಿನಲ್ಲಿ ಪಿಡಿಎಫ್ ಓದುವವರಿಗೆ ಒಂದು ಮಾತು. ಮೊದಲ ಕಾದಂಬರಿಯನ್ನು ಹಾಗೆ ಓದಬೇಡಿ. ಎರಡು ಪುಟಕ್ಕೊಂದು ಮೆಸೇಜು ಬರುತ್ತದೆ, ಓದು ಹರಿದುಹೋಗುತ್ತದೆ. ಗುಂಪುಗಳಲ್ಲಿ ಹಂಚುವ ಸ್ಕ್ಯಾನ್ ಪ್ರತಿಗಳು ಹೆಚ್ಚಾಗಿ ಕದ್ದವು, ಬರೆದವರಿಗೆ ಅದರಿಂದ ಒಂದು ರೂಪಾಯಿಯೂ ಹೋಗುವುದಿಲ್ಲ.

ಹಂತ 1: ಪುಸ್ತಕಕ್ಕೆ ಮೊದಲು ಸಮಯ ಗೊತ್ತು ಮಾಡಿ

"ಸಮಯ ಸಿಕ್ಕಿದಾಗ ಓದುತ್ತೇನೆ" ಅಂದರೆ ಆ ಸಮಯ ಸಿಗುವುದೇ ಇಲ್ಲ. ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ಅದು ಪ್ರತಿದಿನ ಒಂದೇ ಹೊತ್ತಿಗೆ ಇರಲಿ. ಮಂಗಳೂರಿಗೆ ರೈಲಿನಲ್ಲಿ ಹೋಗಿಬರುವವರಿಗೆ ಅದು ತಾನಾಗಿಯೇ ಇದೆ. ಕೂರಲು ಜಾಗ ಸಿಕ್ಕಿದರೆ ಹೋಗುವಾಗ ಒಂದು ಅಧ್ಯಾಯ ಆಗುತ್ತದೆ. ಮನೆಯಲ್ಲೇ ಇರುವವರಿಗೆ ಮಧ್ಯಾಹ್ನ ಊಟದ ನಂತರದ ಹೊತ್ತು ಒಳ್ಳೆಯದು. ರಾತ್ರಿ ಹಾಸಿಗೆಯಲ್ಲಿ ಓದುತ್ತೇನೆ ಅನ್ನುವವರು ಎರಡನೇ ಪುಟಕ್ಕೇ ನಿದ್ದೆ ಹೋಗುತ್ತಾರೆ. ಮರುದಿನ ಅದೇ ಎರಡು ಪುಟ. ಒಂದು ವಾರ ಕಳೆದರೂ ಕಥೆ ಹೊಸ್ತಿಲು ದಾಟಿರುವುದಿಲ್ಲ.

ಮೊದಲ ದಿನದ ಓದಿನಲ್ಲಿ ಅರ್ಧ ಗಂಟೆಗೆ ಎಷ್ಟು ಪುಟ ಆಯಿತೆಂದು ಎಣಿಸಿ. 12 ಪುಟ ಆಯಿತು ಅಂದುಕೊಳ್ಳಿ. ಹಾಗಾದರೆ 240 ಪುಟದ ಕಾದಂಬರಿಗೆ 20 ದಿನ ಬೇಕು. ಲೈಬ್ರರಿಯವರು ಎರಡು ವಾರಕ್ಕೆ ಕೊಟ್ಟಿದ್ದರೆ ಅವಧಿ ಮುಗಿಯುವ ಮೊದಲೇ ಇನ್ನೊಮ್ಮೆ ಬರೆಸಿಕೊಳ್ಳಿ. ಈ ಲೆಕ್ಕ ಗೊತ್ತಿಲ್ಲದವರು ಹದಿನಾಲ್ಕನೇ ದಿನ "ಇನ್ನೂ ಇಷ್ಟು ಪುಟ ಉಂಟಲ್ಲ" ಎಂದು ಬೇಜಾರಾಗಿ ವಾಪಸು ಕೊಡುತ್ತಾರೆ. ಎಣಿಸುವುದು ಮೊದಲ ದಿನ ಮಾತ್ರ. ಆಮೇಲೆ ಪುಟಸಂಖ್ಯೆ ನೋಡಲೇಬೇಡಿ.

ಹಂತ 2: ಕಪಾಟಿನ ಎದುರೇ ಮೂರು ಪುಟ ಓದಿ

ಬೆನ್ನುಡಿ ಓದಿ ಪುಸ್ತಕ ಆರಿಸಬೇಡಿ. ಬೆನ್ನುಡಿ ಬರೆಯುವುದು ಹೊಗಳಲಿಕ್ಕೆ. ಮುನ್ನುಡಿಯೂ ಬೇಡ. ಎಷ್ಟೋ ಮುನ್ನುಡಿಗಳಲ್ಲಿ ಕಥೆಯ ಕೊನೆಯನ್ನೇ ಹೇಳಿಬಿಟ್ಟಿರುತ್ತಾರೆ. ಅದನ್ನು ಕಾದಂಬರಿ ಮುಗಿದ ಮೇಲೆ ಓದಿ, ಆಗ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ನಿಂತಲ್ಲೇ ಮೊದಲನೇ ಪುಟ ಓದಿ. ಆಮೇಲೆ ನಡುವೆ ಎಲ್ಲಾದರೂ ತೆರೆದು ಎರಡು ಪುಟ ಓದಿ. ಕಥೆ ಅರ್ಥವಾಗಬೇಕೆಂದಿಲ್ಲ. ಈ ದನಿಯ ಜೊತೆ ಎರಡು ಮೂರು ವಾರ ಕೂರಬಹುದಾ ಎಂದು ಮಾತ್ರ ಕೇಳಿಕೊಳ್ಳಿ. ಹೌದು ಅನಿಸಿದರೆ ತನ್ನಿ, ಇಲ್ಲದಿದ್ದರೆ ಇನ್ನೊಂದು ತೆಗೆಯಿರಿ. ನಮ್ಮ ಕಡೆಯ ಹೆಚ್ಚಿನ ಲೈಬ್ರರಿಗಳಲ್ಲಿ ಮಲಯಾಳಂ ಪುಸ್ತಕಗಳದ್ದೇ ರಾಶಿ, ಕನ್ನಡಕ್ಕೆ ಒಂದು ಮೂಲೆಯ ಕಪಾಟು. ಆ ಕಪಾಟಿನಲ್ಲಿ ಬೇಕಾದ್ದು ಕಾಣದಿದ್ದರೆ ಗ್ರಂಥಪಾಲಕರಲ್ಲಿ ಕೇಳಿ. ಮುಂದಿನ ಖರೀದಿಗೆ ಹೆಸರು ಬರೆದುಕೊಡಿ. ಕೇಳುವವರು ಇದ್ದಾರೆ ಎಂದು ಗೊತ್ತಾಗದಿದ್ದರೆ ಕನ್ನಡ ಪುಸ್ತಕವನ್ನು ಅವರಾದರೂ ಹೇಗೆ ತರಿಸಿಯಾರು?

ಬಹಳ ವರ್ಷದ ನಂತರ ಓದಿಗೆ ಕೂರುವವರು ಚಿಕ್ಕದರಿಂದ ಶುರು ಮಾಡಿ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ನಮ್ಮವರಿಗೆ ಒಳ್ಳೆಯ ಆರಂಭ. ಸಣ್ಣ ಪುಸ್ತಕ, ಕಡಿಮೆ ಪಾತ್ರಗಳು, ಬಸ್ಸಿನಲ್ಲಿ ಹೋಗುವಾಗ ಕಿಟಕಿಯಲ್ಲಿ ಕಾಣುವ ಅದೇ ಹೊಳೆ. ಕಥೆಯ ನಾಯಕಿ ನಾದಿರಾಳಿಗೆ ಮುಂದೇನಾಗುತ್ತದೋ ಎಂಬ ಚಿಂತೆ ಒಮ್ಮೆ ಹಿಡಿದರೆ ಪುಸ್ತಕ ಕೆಳಗಿಡಲು ಮನಸ್ಸು ಬರುವುದಿಲ್ಲ. ಯಶವಂತ ಚಿತ್ತಾಲರ 'ಶಿಕಾರಿ' ದೊಡ್ಡ ಕೃತಿ, ನನಗೆ ಬಹಳ ಪ್ರಿಯವಾದದ್ದು. ಆದರೆ ಮುಂಬಯಿಯ ಕಂಪನಿ ನೌಕರ ನಾಗಪ್ಪನ ತಲೆಯೊಳಗಿನ ಗೊಂದಲದಲ್ಲೇ ಅದು ಓಡುತ್ತದೆ. ಅದನ್ನು ಐದಾರು ಕಾದಂಬರಿ ಆದ ಮೇಲೆ ಎತ್ತಿಕೊಳ್ಳಿ.

*ಎಚ್ಚರಿಕೆ:* "ಇದನ್ನು ಓದಿದ್ದೇನೆ ಅಂತ ಹೇಳಿಕೊಳ್ಳಬಹುದು" ಎಂಬ ಯೋಚನೆ ಬಂದರೆ ಆ ಪುಸ್ತಕವನ್ನು ಸದ್ಯಕ್ಕೆ ವಾಪಸು ಇಡಿ.

ಹಂತ 3: ಮೊದಲ ಮೂವತ್ತು ಪುಟ ಒಂದೇ ಸಲಕ್ಕೆ

ಹೆಚ್ಚಿನವರು ಜಾರಿಬೀಳುವುದು ಇಲ್ಲೇ. ಕಾದಂಬರಿಯ ಮೊದಲ ಭಾಗದಲ್ಲಿ ಮನೆ, ಊರು, ನೆಂಟಸ್ತಿಕೆ, ಕಾಲ ಎಲ್ಲ ಒಟ್ಟಿಗೇ ಬರುತ್ತವೆ. ದಿನಕ್ಕೆ ನಾಲ್ಕು ನಾಲ್ಕು ಪುಟ ಓದಿದರೆ ನಿನ್ನೆಯವರು ಯಾರೆಂದು ಇವತ್ತು ನೆನಪಿರುವುದಿಲ್ಲ. ಹಾಗಾಗಿ ಶುರು ಮಾಡುವ ದಿನ ಮಾತ್ರ ಒಂದೂವರೆ ಗಂಟೆ ಬಿಡುವು ಮಾಡಿಕೊಳ್ಳಿ. ಭಾನುವಾರ ಆದೀತು, ಹರತಾಳದ ದಿನ ಆದೀತು, ಮಳೆ ಹಿಡಿದು ಹೊರಗೆ ಹೋಗಲಾಗದ ದಿನವೂ ಆದೀತು.

ಕಾಗದ ಈಗ ತೆಗೆಯಿರಿ. ಹೆಸರು ಬಂದ ಹಾಗೆ ಬರೆಯುತ್ತಾ ಹೋಗಿ, ಪಕ್ಕದಲ್ಲಿ ಒಂದೇ ಒಂದು ಗುರುತು: "ಅತ್ತೆ", "ಹೋಟೆಲಿನವನು", "ಮಾತು ಕಡಿಮೆ". ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಮೂರು ತಲೆಮಾರಿನ ಕಥೆ. ಅದರಲ್ಲಿ ಅಜ್ಜನ ಹೆಸರೂ ರಾಮ, ಮೊಮ್ಮಗನ ಹೆಸರೂ ರಾಮ. ನಮ್ಮ ಮನೆಗಳಲ್ಲೂ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುತ್ತೇವೆ, ಅಲ್ವಾ? ಆದರೆ ಮನೆಯಲ್ಲಿ ಮುಖ ನೋಡಿ ಗೊತ್ತಾಗುತ್ತದೆ, ಪುಸ್ತಕದಲ್ಲಿ ಮುಖ ಇಲ್ಲ. ಕಾಗದದಲ್ಲಿ ಮೂರು ಸಾಲು ಎಳೆದುಕೊಂಡು ತಲೆಮಾರಿಗೆ ಒಂದರಂತೆ ಹೆಸರು ಬರೆದರೆ ಕೊನೆಯ ತನಕ ದಾರಿ ತಪ್ಪುವುದಿಲ್ಲ.

ಮೂವತ್ತು ಪುಟ ಆದ ಮೇಲೆ ಪುಸ್ತಕ ಮುಚ್ಚಿ, ಬಾಯಿಬಿಟ್ಟು ಹೇಳಿ ನೋಡಿ: ಕಥೆ ಹೇಳುತ್ತಿರುವುದು ಯಾರು? ಯಾರಿಗೆ ಏನು ಬೇಕು? ಅದಕ್ಕೆ ಅಡ್ಡ ಬಂದದ್ದು ಯಾವುದು? ಮೂರಕ್ಕೂ ಉತ್ತರ ಬಂದರೆ ನೀವು ಕಾದಂಬರಿಯೊಳಗೆ ಬಂದಾಯಿತು. ಎರಡನೆಯದಕ್ಕೆ ಉತ್ತರ ಬಾರದಿದ್ದರೆ ಮೊದಲ ಅಧ್ಯಾಯ ಇನ್ನೊಮ್ಮೆ ಓದಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಎಷ್ಟೋ ಒಳ್ಳೆಯ ಕಾದಂಬರಿಗಳ ಮೊದಲ ಅಧ್ಯಾಯ ಎರಡನೇ ಓದಿಗೇ ತೆರೆದುಕೊಳ್ಳುವುದು.

ಹಂತ 4: ಭಾಷೆ ತಡೆದಾಗ

ನಾವು ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಬ್ಯಾರಿಯೋ ಮಾತಾಡುತ್ತೇವೆ. ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳಂ. ಹಾಗಿರುವಾಗ ಧಾರವಾಡ ಕಡೆಯ ಮಾತು ತುಂಬಿದ ಕಾದಂಬರಿ ಹಿಡಿದರೆ ಮೊದಲು ಕಷ್ಟ ಆಗಿಯೇ ಆಗುತ್ತದೆ. ಪರಿಹಾರ ಸುಲಭ. ಸಂಭಾಷಣೆಗಳನ್ನು ಮಾತ್ರ ಗಟ್ಟಿಯಾಗಿ ಓದಿ. ಕಣ್ಣಿಗೆ ತೊಡಕಾಗಿ ಕಂಡದ್ದು ಕಿವಿಗೆ ಬಿದ್ದಾಗ ತಿಳಿಯುತ್ತದೆ.

ಗೊತ್ತಿಲ್ಲದ ಶಬ್ದ ಸಿಕ್ಕಿದ ಕೂಡಲೇ ನಿಲ್ಲಬೇಡಿ, ಸುಮ್ನೆ ಮುಂದೆ ಹೋಗಿ. ಅದೇ ಶಬ್ದ ಮೂರನೇ ಸಲ ಬಂದು ಆಗಲೂ ಅರ್ಥವಾಗದಿದ್ದರೆ ಯಾರನ್ನಾದರೂ ಕೇಳಿ. ಪುಟಕ್ಕೆ ಆರೇಳು ಶಬ್ದ ಹಾಗೇ ಉಳಿಯುತ್ತಿದ್ದರೆ ಆ ಪುಸ್ತಕ ಈಗ ಬೇಡ, ಮುಂದಿನ ವರ್ಷಕ್ಕೆ ಇಡಿ.

ಮಲಯಾಳಂ ಕಾದಂಬರಿಗಳನ್ನು ಮೂಲದಲ್ಲೇ ಓದುವ ಅವಕಾಶ ನಮಗೆ ಇದೆ. ಬಿಟ್ಟುಕೊಡಬೇಡಿ. ಮಾತಾಡಲು ಬಂದು, ಓದಲು ನಿಧಾನವಾದರೆ ಮೊದಲ ಇಪ್ಪತ್ತು ಪುಟವನ್ನು ಮಲಯಾಳಂ ಶಾಲೆಯಲ್ಲಿ ಕಲಿತವರೊಬ್ಬರಿಂದ ಓದಿಸಿ ಕೇಳಿ. ಆಮೇಲೆ ನೀವೇ ಹಿಡಿಯಿರಿ. ಆಗಲೂ ಅಕ್ಷರ ಕೂಡಿಸಿ ಕೂಡಿಸಿ ಓದಬೇಕಾದರೆ ಕನ್ನಡ ಅನುವಾದ ಹುಡುಕಿ. ಅನುವಾದ ಓದಿದರೆ ಕಡಿಮೆ ಓದು ಅಂತ ಏನಿಲ್ಲ.

ಹಂತ 5: ನಡುವೆ ಬೇಸರ ಬಂದರೆ

ಬೇಸರದಲ್ಲಿ ಎರಡು ಜಾತಿ. ಒಂದು ನಿಮ್ಮ ದಣಿವು, ಇನ್ನೊಂದು ಪುಸ್ತಕದ ದೋಷ ಅಥವಾ ಹೊಂದಿಕೆಯಾಗದ ರುಚಿ. ಎರಡನ್ನೂ ಬೇರೆ ಮಾಡದೆ ಪುಸ್ತಕ ಬಿಡುವುದು ತಪ್ಪು. ಬೇರೆ ಮಾಡದೆ ಹಲ್ಲು ಕಚ್ಚಿ ಓದುವುದು ಅದಕ್ಕಿಂತ ದೊಡ್ಡ ತಪ್ಪು. ಹಾಗೆ ಓದಿ ಮುಗಿಸಿದವರು ಆಮೇಲೆ ಎಷ್ಟೋ ಕಾಲ ಇನ್ನೊಂದು ಕಾದಂಬರಿ ಮುಟ್ಟುವುದಿಲ್ಲ.

ದಣಿವಿನ ಲಕ್ಷಣ ಹೀಗೆ: ಒಂದೇ ಪುಟವನ್ನು ಮೂರು ಸಲ ಓದುತ್ತೀರಿ, ಮನಸ್ಸು ನಾಳೆಯ ಕೆಲಸಕ್ಕೆ ಹೋಗುತ್ತದೆ, ಆದರೆ ಪಾತ್ರಗಳು ಆಗಾಗ ನೆನಪಾಗುತ್ತವೆ. ಅಡಿಕೆ ಸುಲಿಯುವಾಗಲೋ ಬಸ್ಸಿಗೆ ಕಾಯುವಾಗಲೋ "ಅವಳು ಹಾಗೆ ಯಾಕೆ ಹೇಳಿದಳು" ಅಂತ ತಲೆಗೆ ಬರುತ್ತದೆ. ಹಾಗಾದರೆ ಎರಡು ದಿನ ಬಿಟ್ಟು, ನಿಲ್ಲಿಸಿದಲ್ಲಿಂದ ಐದು ಪುಟ ಹಿಂದೆ ಹೋಗಿ ಶುರು ಮಾಡಿ.

ಪುಸ್ತಕ ಒಗ್ಗದಿದ್ದರೆ ಬೇರೆ ಲಕ್ಷಣ. ಅಧ್ಯಾಯ ಮುಗಿಯಲು ಇನ್ನೆಷ್ಟು ಪುಟ ಉಂಟು ಎಂದು ಮಗುಚಿ ನೋಡುತ್ತೀರಿ. ಯಾರು ಸತ್ತರೂ ಯಾರು ಬದುಕಿದರೂ ನಿಮಗೆ ಒಂದೇ. ಅರವತ್ತನೇ ಪುಟದಲ್ಲೂ ಹೀಗೇ ಇದ್ದರೆ ನಿಲ್ಲಿಸಿ. ವಾಪಸು ಕೊಡಿ, ಅದೇ ದಿನ ಬೇರೆ ತನ್ನಿ. ಅದೇ ದಿನ ತರುವುದು ಮುಖ್ಯ. ಕೈ ಖಾಲಿ ಬಂದರೆ ಅರ್ಧ ಗಂಟೆಯ ಅಭ್ಯಾಸ ಅಲ್ಲಿಗೇ ತಪ್ಪುತ್ತದೆ.

ಕೊನೆಯ ಪುಟ ನೋಡಿ ಬರುವ ಚಟ ಕೆಲವರಿಗೆ ಇದೆ. ಪತ್ತೇದಾರಿ ಕಾದಂಬರಿ ಬಿಟ್ಟರೆ ಅದರಿಂದ ಅಂಥ ನಷ್ಟ ಏನೂ ಆಗುವುದಿಲ್ಲ. ಆತಂಕ ತಡೆಯಲಾಗದವರು ನೋಡಿಕೊಂಡು ನೆಮ್ಮದಿಯಾಗಿ ಓದಲಿ.

ಹಂತ 6: ವಲಸೆ ಹೋದವರ ಕಾದಂಬರಿ ಓದುವಾಗ

ಇದಕ್ಕೆ ಬೇರೆಯೇ ಹಂತ ಇಟ್ಟದ್ದಕ್ಕೆ ಕಾರಣ ಇದೆ. ನಮ್ಮಲ್ಲಿ ಗಲ್ಫಿಗೆ ಯಾರೂ ಹೋಗದ ಮನೆ ಹುಡುಕುವುದು ಕಷ್ಟ. ಅಣ್ಣ, ಮಾವ, ಬಾವ, ನೆರೆಮನೆಯ ಹುಡುಗ, ಯಾರಾದರೊಬ್ಬರು ದುಬೈಯಲ್ಲೋ ಶಾರ್ಜಾದಲ್ಲೋ ಇದ್ದಾರೆ. ಹಾಗಾಗಿ ವಲಸೆಯ ಕಥೆ ಹಿಡಿದ ಕೂಡಲೇ "ಇದೆಲ್ಲ ನಮಗೆ ಗೊತ್ತಿರುವುದೇ" ಎನ್ನುತ್ತೇವೆ, ಇಲ್ಲವೇ "ನಮ್ಮವರಿಗೆ ಹೀಗೆ ಆಗಲಿಲ್ಲ" ಎಂದು ತಪ್ಪು ಹುಡುಕುತ್ತೇವೆ. ಎರಡರಲ್ಲೂ ಕಾದಂಬರಿ ಕೈತಪ್ಪುತ್ತದೆ. ನಿಮಗೆ ಗೊತ್ತಿರುವುದು ರಜೆಯಲ್ಲಿ ಬಂದವರು ಹೇಳಿದ್ದು ಮಾತ್ರ. ಅವರು ಹೇಳದೆ ಬಿಟ್ಟದ್ದು ಈ ಪುಸ್ತಕಗಳಲ್ಲಿ ಇರುತ್ತದೆ.

ಹತ್ತಿರದಿಂದ ದೂರಕ್ಕೆ ಹೋಗಿ. ಮೊದಲು ಹಳ್ಳಿ ಬಿಟ್ಟು ಪೇಟೆ ಸೇರಿದವರ ಕಥೆ. ಮೊದಲೇ ಹೇಳಿದ 'ಮರಳಿ ಮಣ್ಣಿಗೆ'ಯಲ್ಲಿ ಕರಾವಳಿಯ ಮನೆಯಿಂದ ಹೋಟೆಲಿಗೆ, ಓದಿಗೆ, ಕೆಲಸಕ್ಕೆ ಊರು ಬಿಡುವವರು ಇದ್ದಾರೆ. ಸ್ವಲ್ಪ ದಪ್ಪ ಪುಸ್ತಕ, ಆದರೆ ನೆಲ ನಮ್ಮದೇ. ಆಮೇಲೆ ಗಲ್ಫು. 2008ರಲ್ಲಿ ಬಂದ ಬೆನ್ಯಾಮಿನ್ ಅವರ ಮಲಯಾಳಂ ಕಾದಂಬರಿ 'ಆಡುಜೀವಿತಂ' ಕನ್ನಡಕ್ಕೂ ಬಂದಿದೆ. ಕೊನೆಗೆ ಅಮೆರಿಕದಂಥ ದೂರದ ಊರಿನಲ್ಲಿ ಹುಟ್ಟಿ ಬೆಳೆದ ಮಕ್ಕಳ ಕಥೆಗಳು. ನೇರ ಕೊನೆಯದಕ್ಕೆ ಕೈ ಹಾಕಿದವರು ಹೆಚ್ಚಾಗಿ ಆ ಮಕ್ಕಳ ಮೇಲೆ ಸಿಟ್ಟು ಮಾಡಿಕೊಂಡು ಪುಸ್ತಕ ಮುಚ್ಚುತ್ತಾರೆ. ಊರು ಬಿಟ್ಟ ತಂದೆತಾಯಿಯ ಸಂಕಟ ಗೊತ್ತಾದ ಮೇಲೆ ಮಕ್ಕಳದ್ದು ತಾನಾಗಿ ಅರ್ಥವಾಗುತ್ತದೆ.

ಓದುವಾಗ ಕಥೆಗಿಂತ ಮೊದಲು ಸಣ್ಣ ವಸ್ತುಗಳ ಮೇಲೆ ಕಣ್ಣಿಡಿ. ಅಡುಗೆಮನೆ, ಫೋನು ಅಥವಾ ಕಾಗದ, ವೀಸಾ ಪಾಸ್‌ಪೋರ್ಟಿನಂಥ ದಾಖಲೆ, ಹೆಸರು. ವಲಸೆಯ ಕಾದಂಬರಿಗಳಲ್ಲಿ ದುಃಖವನ್ನು ನೇರ ಹೇಳುವುದು ಕಡಿಮೆ. ಅದು ಇಂಥ ವಸ್ತುಗಳಲ್ಲಿ ಕೂತಿರುತ್ತದೆ. ಝುಂಪಾ ಲಾಹಿರಿ 2003ರಲ್ಲಿ ಇಂಗ್ಲಿಷಿನಲ್ಲಿ ಬರೆದ 'ದ ನೇಮ್‌ಸೇಕ್' ಶುರುವಾಗುವುದು 1968ರ ಅಮೆರಿಕದ ಒಂದು ಅಡುಗೆಮನೆಯಲ್ಲಿ. ಬಂಗಾಳದಿಂದ ಹೋದ ತುಂಬು ಗರ್ಭಿಣಿ ಆಶಿಮಾ ಅಲ್ಲಿನ ಡಬ್ಬಿಯ ಗರಿಗರಿ ಅಕ್ಕಿ ತಿಂಡಿಗೆ ನೆಲಕಡಲೆ, ಹೆಚ್ಚಿದ ನೀರುಳ್ಳಿ ಹಾಕಿ ಕಲಸುತ್ತಾಳೆ. ಉಪ್ಪು, ಲಿಂಬೆರಸ, ಹಸಿಮೆಣಸು ಸೇರಿಸುತ್ತಾಳೆ. ಸಾಸಿವೆ ಎಣ್ಣೆ ಇದ್ದಿದ್ದರೆ ಎಂದು ಅನಿಸುತ್ತದೆ. ಅವಳು ಮಾಡುತ್ತಿರುವುದು ಕಲ್ಕತ್ತಾದ ಬೀದಿಯಲ್ಲಿ ಸಿಗುವ ತಿಂಡಿ. ನಮ್ಮ ಚುರುಮುರಿಯ ನೆಂಟ.

ಅವಸರದಲ್ಲಿ ಓದಿದರೆ ಇದೊಂದು ತಿಂಡಿಯ ವಿವರ. ನಿಧಾನ ಮಾಡಿ. ಇಲ್ಲದ ಒಂದು ಎಣ್ಣೆ ಅವಳನ್ನು ಎಷ್ಟು ದೂರ ನಿಲ್ಲಿಸಿದೆ ನೋಡಿ. ಒಬ್ಬಂಟಿತನ ಅನ್ನುವ ಮಾತೇ ಬೇಕಾಗಿಲ್ಲ. ಇಂಥ ಜಾಗ ಸಿಕ್ಕಿದಾಗ ಪುಟದ ಬದಿಯಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡಿ. ಅದೇ ವಸ್ತು ಮುಂದೆ ಮತ್ತೆ ಬಂದರೆ ಅಲ್ಲೂ ಚುಕ್ಕೆ ಇಡಿ. ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಏನು ಬದಲಾಯಿತು ಎಂದು ನೋಡುವುದೇ ಈ ಬಗೆಯ ಓದಿನ ದೊಡ್ಡ ಸಂತೋಷ.

ಎರಡನೆಯದಾಗಿ, ಕಾಲದ ಮೇಲೆ ಗಮನ ಇರಲಿ. ಈ ಕಾದಂಬರಿಗಳು ನೇರ ನಡೆಯುವುದು ಕಡಿಮೆ. 'ಆಡುಜೀವಿತಂ' ಶುರುವಾಗುವಾಗಲೇ, ಗಲ್ಫಿಗೆ ಹೋದ ಕಥಾನಾಯಕ ನಜೀಬ, ಪೊಲೀಸರು ತನ್ನನ್ನು ಹಿಡಿಯಲಿ ಎಂದು ರಿಯಾದಿನ ಠಾಣೆಯ ಎದುರು ನಿಂತಿದ್ದಾನೆ. ಜೈಲೇ ಸುಖ ಅನಿಸಬೇಕಾದರೆ ಅವನು ಎಲ್ಲಿಂದ ಬಂದಿರಬೇಕು? ಆ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಾವು ಹಿಂದಕ್ಕೆ ಹೋಗಿ ಮರುಭೂಮಿಯ ಆಡಿನ ದೊಡ್ಡಿ ತಲುಪಬೇಕು. "ಕಥೆ ಮೊದಲೇ ಗೊತ್ತಾಯಿತಲ್ಲ" ಎಂದು ಕೆಲವರು ಇಲ್ಲೇ ಬಿಡುತ್ತಾರೆ. ಗೊತ್ತಾದದ್ದು ಅವನು ಬದುಕಿ ಬಂದ ಎಂದು ಮಾತ್ರ. ಹೇಗೆ ಬದುಕಿದ ಎಂಬುದಕ್ಕೇ ಉಳಿದ ಪುಸ್ತಕ.

ಮೂರನೆಯದು, ವಲಸೆಗಾರರೆಲ್ಲ ಒಂದೇ ಗುಂಪು ಎಂದುಕೊಳ್ಳಬೇಡಿ. ಗುರುಪ್ರಸಾದ ಕಾಗಿನೆಲೆಯವರ 'ಹಿಜಾಬ್'ನಲ್ಲಿ ಅಮೆರಿಕಕ್ಕೆ ಹೋದ ಕನ್ನಡದ ವೈದ್ಯರ ಎದುರು ಆಫ್ರಿಕದಿಂದ ಬಂದ ಇನ್ನೊಂದು ವಲಸೆ ಸಮುದಾಯ ನಿಲ್ಲುತ್ತದೆ. ಹೊರಗಿನವರು ಹೊರಗಿನವರನ್ನು ಹೇಗೆ ನೋಡುತ್ತಾರೆ ಎಂಬುದು ಗಡಿನಾಡಿನ ನಮಗೆ ಇನ್ನಷ್ಟು ತಟ್ಟಬೇಕಾದ ವಿಷಯ.

*ಎಚ್ಚರಿಕೆ:* ಮಗನೋ ಗಂಡನೋ ಈಚೆಗಷ್ಟೇ ಹೋಗಿದ್ದರೆ ಇಂಥ ಕಥೆ ನಿದ್ದೆ ಕೆಡಿಸಬಹುದು. ಫೋನು ಬರುವುದು ಒಂದು ದಿನ ತಡವಾದರೆ ಪುಸ್ತಕದ್ದೇ ನೆನಪಾಗಿ ಹೆದರಿಕೆ ಆಗುತ್ತಿದ್ದರೆ ಓದನ್ನು ಆರು ತಿಂಗಳು ಮುಂದೆ ಹಾಕಿ. ಹಾಗೆಯೇ, ಗಲ್ಫಿನಿಂದ ಬಂದವರ ಕೈಗೆ ಪುಸ್ತಕ ಕೊಟ್ಟು "ನಿಮಗೂ ಹೀಗೇ ಆಗಿತ್ತಾ?" ಎಂದು ಕೇಳಬೇಡಿ. ಪುಸ್ತಕ ಜಗಲಿಯಲ್ಲಿ ಇರಲಿ. ಅವರಿಗೆ ಬೇಕೆನಿಸಿದರೆ ಎತ್ತಿಕೊಳ್ಳುತ್ತಾರೆ, ಹೇಳಬೇಕೆನಿಸಿದರೆ ಹೇಳುತ್ತಾರೆ.

ಹಂತ 7: ಮುಗಿದ ಮೇಲೆ

ಸಾರಾಂಶ ಬರೆಯಬೇಡಿ. ನೀತಿ ಹುಡುಕಬೇಡಿ. ಮನಸ್ಸಿನಲ್ಲಿ ಉಳಿದ ಒಂದೇ ಒಂದು ದೃಶ್ಯವನ್ನು ಮನೆಯಲ್ಲಿ ಯಾರಿಗಾದರೂ ಹೇಳಿ. ತುಳುವಿನಲ್ಲಿ ಹೇಳಿ, ಮಲಯಾಳಂನಲ್ಲಿ ಹೇಳಿ, ಯಾವುದಾದರೂ ಆದೀತು. ಹೇಳುವಾಗ ಎಲ್ಲಿ ತಡವರಿಸುತ್ತೀರೋ ಆ ಜಾಗ ಮತ್ತೆ ತೆರೆದು ಓದಿ. ಮುನ್ನುಡಿ ಬಿಟ್ಟಿದ್ದರೆ ಈಗ ಓದಿ. ನಿಮ್ಮ ಅಭಿಪ್ರಾಯಕ್ಕೂ ಅದಕ್ಕೂ ಹೊಂದದಿದ್ದರೆ ನಿಮ್ಮದನ್ನು ಬಿಡಬೇಕಾಗಿಲ್ಲ.

ಮರುದಿನವೇ ಇನ್ನೊಂದು ಶುರು ಮಾಡಿದರೆ ಎರಡೂ ಕಲಸುಮೇಲೋಗರ ಆಗುತ್ತವೆ. ಒಂದೆರಡು ದಿನ ಆ ಅರ್ಧ ಗಂಟೆಗೆ ಸಣ್ಣ ಕಥೆಯೋ ಪತ್ರಿಕೆಯೋ ಇರಲಿ. ಆಮೇಲೆ ಹಿಂದಿನ ಪುಸ್ತಕದಲ್ಲಿ ನಿಮಗೆ ಹಿಡಿಸಿದ ಒಂದು ಎಳೆ ಹಿಡಿದು ಮುಂದಿನದನ್ನು ಹುಡುಕಿ: ಅದೇ ಲೇಖಕರದ್ದು, ಅದೇ ಊರಿನದ್ದು, ಅಥವಾ ಅಂಥದೇ ಮನೆಯದ್ದು.

ಲೈಬ್ರರಿಗೆ ಕೊಡುವ ಮೊದಲು ಬದಿಯ ಚುಕ್ಕೆಗಳನ್ನು ರಬ್ಬರಿನಿಂದ ಅಳಿಸಿ. ಹೆಸರು ಬರೆದ ಕಾಗದವನ್ನೂ ತೆಗೆದಿಟ್ಟುಕೊಳ್ಳಿ. ಯಾರು ಯಾರಿಗೆ ಏನಾಗಬೇಕು ಎಂದು ಮುಂದೆ ಓದುವವರು ತಾವೇ ಕಂಡುಕೊಳ್ಳಲಿ.